ಶರ್ಫುನ್ನೀಸಾ ಟೀಚರ್ ಮತ್ತು ಬೆಳಗಿನ ಸ್ಪೆಷಲ್ ಕ್ಲಾಸು

ಶರ್ಫುನ್ನೀಸಾ ಟೀಚರನ್ನು ಮೊದಲು ಕಣ್ಣಿನಿಂದ ಕಂಡವರು ಯಾರೂ ಇಲ್ಲ, ಎಲ್ಲರೂ ಕಿವಿಯಿಂದಲೇ ಕಂಡದ್ದು. ಸ್ಟಾಕ್‌ಹೋಮಿಗೆ ಅಂಟಿಕೊಂಡ ಸುಂಡ್‌ಬೀಬರ್ಯ್ ಊರಿನ ಕೆಂಪು ಇಟ್ಟಿಗೆಯ ಹೈಸ್ಕೂಲಿನ ಮೇಲ್ಮಹಡಿಯಲ್ಲಿ ಅವರು ತ್ರಿಕೋನದ ಬಗ್ಗೆ ಏನಾದರೂ ಹೇಳಿದರೆ, ಕೆಳಮಹಡಿಯಲ್ಲಿ ಇತಿಹಾಸ ಓದುತ್ತಿರುವ ಮಕ್ಕಳಿಗೂ ಒಂದಿಷ್ಟು ತ್ರಿಕೋನ ತಲೆಗೆ ಹತ್ತುತ್ತಿತ್ತು. ಪಿಸುಮಾತನ್ನೇ ಶಿಷ್ಟಾಚಾರವೆಂದು ನಂಬಿರುವ ಸ್ವೀಡನ್ ದೇಶದಲ್ಲಿ, ಬಸ್ಸಿನಲ್ಲಿ ಪಕ್ಕದವರು ಕೆಮ್ಮಿದರೂ ಮನಸ್ಸಿಗೆ ಹಚ್ಚಿಕೊಳ್ಳುವ ಸಭ್ಯರ ನಡುವೆ, ಇಂಥ ಕಂಠವನ್ನಿಟ್ಟುಕೊಂಡು ಒಬ್ಬ ಹೆಂಗಸು ಮರ್ಯಾದೆಯಿಂದ ಬಾಳಿದ್ದೇ ಒಂದು ಸೋಜಿಗ. ಆ ಕಂಠ ಹುಟ್ಟಿನಿಂದ ಬಂದದ್ದಲ್ಲ, ದುಡಿದು ಸಂಪಾದಿಸಿದ್ದು. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿಗೆ ಗೋಡೆ ತಾಗಿಸಿಕೊಂಡಿದ್ದ ಸರ್ಕಾರಿ ಪ್ರೌಢಶಾಲೆಯಲ್ಲಿ, ಶೇಂಗಾ ಅರೆಯುವ ಯಂತ್ರದ ಗದ್ದಲವನ್ನು ಮೀರಿ ಕೊನೆಯ ಬೆಂಚಿಗೂ ಪ್ರಮೇಯ ಮುಟ್ಟಿಸಬೇಕಾಗಿದ್ದ ಕಾಲದಲ್ಲಿ ಪಳಗಿದ ಗಂಟಲು ಅದು. ಮಿಲ್ಲು ಸಾವಿರಾರು ಮೈಲಿ ಹಿಂದೆ ಉಳಿಯಿತು. ಗಂಟಲಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಆಳು ನೋಡಿದರೆ ಗಿಡ್ಡ. ತಲೆಗೆ ಸ್ಕಾರ್ಫು, ಮೊಣಕಾಲು ದಾಟುವ ಬೂದುಬಣ್ಣದ ಉಣ್ಣೆಯ ಕೋಟು, ಆ ಕೋಟಿನ ಎರಡೂ ಜೇಬುಗಳಲ್ಲಿ ಸೀಮೆಸುಣ್ಣ. ಶಾಲೆಯ ತುಂಬ ಬಿಳಿ ಬೋರ್ಡುಗಳು ರಾರಾಜಿಸುತ್ತಿದ್ದರೂ ತಮ್ಮ ಕೋಣೆಗೊಂದು ಕರಿಹಲಗೆ ಬೇಕೇ ಬೇಕೆಂದು ಪಟ್ಟು ಹಿಡಿದು ಹಾಕಿಸಿಕೊಂಡವರು ಅವರು. ತರಗತಿಗೆ ಬಂದ ಮೇಲೂ ಮೊದಲ ಲೆಕ್ಕ ಬಿಡಿಸಿ ಮುಗಿಯುವವರೆಗೆ ಕೋಟು ಕಳಚುವ ಪದ್ಧತಿ ಇರಲಿಲ್ಲ. ಮಕ್ಕಳೇನು ಕಡಿಮೆಯೇ, ಟೀಚರಿಗೆ ಸೆಕೆಯಾಗಲಿ ಎಂದು ಮೇ ತಿಂಗಳಲ್ಲಿ ಮೊದಲ ಲೆಕ್ಕವನ್ನು ಬೇಕೆಂದೇ ಎಳೆದಾಡುತ್ತಿದ್ದರು. ಯಾರು ಏನು ಉತ್ತರ ಹೇಳಿದರೂ ಅವರ ಪ್ರತಿಕ್ರಿಯೆ ಒಂದೇ: "ಆಮೇಲೆ?" ಸರಿಯಾದ ಉತ್ತರಕ್ಕೂ ಅದೇ, ತಪ್ಪಿಗೂ ಅದೇ. ಮಕ್ಕಳನ್ನು ಮಾತುಮಾತಿಗೆ ಹೊಗಳುವ ಆ ನಾಡಿನಲ್ಲಿ ಈ ಪ್ರಶ್ನೆ ಕೇಳಿ ಹೊಸ ಹುಡುಗರು ಕಕ್ಕಾಬಿಕ್ಕಿಯಾಗುತ್ತಿದ್ದರು, ಒಂದು ವರ್ಷ ಕಳೆದವರು ತಾವೇ ತಮ್ಮನ್ನು "ಆಮೇಲೆ?" ಎಂದು ಕೇಳಿಕೊಳ್ಳುವುದನ್ನು ಕಲಿತುಬಿಡುತ್ತಿದ್ದರು.

ಅಲ್ಲಿನ ಭಾಷೆಯಲ್ಲಿ ಸಾರ್ ಇಲ್ಲ, ಮೇಡಂ ಇಲ್ಲ, ಮುಖ್ಯೋಪಾಧ್ಯಾಯರಿಂದ ಹಿಡಿದು ಮಂತ್ರಿಯವರೆಗೆ ಎಲ್ಲರೂ "ನೀನು". ಹದಿನಾರರ ಹುಡುಗಿ ಬಂದು "ಶರ್ಫು, ನೀನು ನಿನ್ನೆ ಹೇಳಿದ್ದು ತಪ್ಪು" ಎಂದಾಗ ಮೊದಮೊದಲು ಅವರ ಮೈಯೆಲ್ಲ ಉರಿದದ್ದುಂಟು. ಆಮೇಲಾಮೇಲೆ ಅದರಲ್ಲಿ ಒಂದು ರುಚಿ ಕಂಡಿತು. ಟೀಚರ್ ಎಂದು ಕರೆಯುವ ನಾವು ನಾಲ್ಕು ಮಂದಿ ಕನ್ನಡದವರು ಇದ್ದೇವಲ್ಲ, ಅಷ್ಟು ಸಾಕು ಎನ್ನುತ್ತಿದ್ದರು. ಮನೆಯ ಮಾತು ಉರ್ದು. ಸಿಟ್ಟು ಬಂದರೆ ಮಾತ್ರ ಕನ್ನಡ, ಏಕೆಂದರೆ ಅವರ ಸಿಟ್ಟೆಲ್ಲ ತರಗತಿಯಲ್ಲಿ ಕಲಿತದ್ದು. ಗಂಡ ಸುಭಾನ್ ಸಾಹೇಬರು ಮಿತಭಾಷಿ ಇಂಜಿನಿಯರು, ಹೆಂಡತಿ ಕನ್ನಡಕ್ಕೆ ತಿರುಗಿದ ಕೂಡಲೇ ಅಡುಗೆಮನೆಗೆ ಹೋಗಿ ಚಹಾಕ್ಕಿಡುವ ಜಾಣರು.

ಆ ಕೆಂಪು ಕಟ್ಟಡದಲ್ಲಿ ಹೆಸರಿಗೆ ಇರುವುದು ಒಂದೇ ಶಾಲೆ. ಕೊಮ್ಯೂನ್, ಅಂದರೆ ಅಲ್ಲಿನ ನಗರಸಭೆ, ನಡೆಸುವ, ಒಂಬತ್ತನೆಯ ತರಗತಿ ಮುಗಿಸಿದವರು ಸೇರುವ ಹೈಸ್ಕೂಲು. ಕೆಳಗಿನ ಎರಡು ಮಹಡಿಗಳಲ್ಲಿ ಸುತ್ತಲಿನ ಬಾಡಿಗೆ ಮನೆಗಳ ಮಕ್ಕಳು. ಮೇಲ್ಮಹಡಿಯಲ್ಲಿ ಗಣಿತದ ವಿಶೇಷ ತರಗತಿ, ಅದನ್ನು ಎಲ್ಲರೂ "ಸ್ಪೆಟ್ಸ್" ಎನ್ನುತ್ತಾರೆ. ಪ್ರವೇಶ ಪರೀಕ್ಷೆಯಲ್ಲಿ ಗೆದ್ದವರಿಗೆ ಮಾತ್ರ ಅಲ್ಲಿ ಜಾಗ. ಗೆದ್ದವರು ಸ್ಟಾಕ್‌ಹೋಮಿನ ಹಸಿರು ಬಡಾವಣೆಗಳಿಂದ ಮೆಟ್ರೊ ಹತ್ತಿ, ಲೋಕಲ್ ರೈಲು ಹತ್ತಿ ದಿನಾ ಬರುತ್ತಾರೆ. ಒಂದೇ ಬಾಗಿಲಿನಿಂದ ಒಳಗೆ ಬಂದ ಮಕ್ಕಳು ಮೆಟ್ಟಿಲ ಬುಡದಲ್ಲಿ ಬೇರೆ ಬೇರೆಯಾಗುವುದು ಅಲ್ಲಿನವರಿಗೆ ಎಷ್ಟು ರೂಢಿಯಾಗಿತ್ತೆಂದರೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಈ ಮೇಲ್ಮಹಡಿಯ ಮುಖ್ಯಸ್ಥೆ ಶರ್ಫುನ್ನೀಸಾ. ಆ ಜಾಗಕ್ಕೆ ಅವರು ಹಾರಿ ಬಂದವರಲ್ಲ. ಗಂಡನ ಕೆಲಸದ ಹಿಂದೆ ಬಂದು, ಹೊಸ ಭಾಷೆಯನ್ನು ಬಾಲವಾಡಿಯಿಂದೆಂಬಂತೆ ಕಲಿತು, ಶಿಕ್ಷಕರ ಪರವಾನಗಿಗಾಗಿ ತಾವೇ ಮತ್ತೆ ವಿದ್ಯಾರ್ಥಿನಿಯಾಗಿ, ರಜೆ ಹಾಕಿದವರ ಬದಲಿಗೆ ಊರೂರು ಶಾಲೆಗಳಲ್ಲಿ ಪಾಠ ಹೇಳಿ, ಕಡೆಗೊಮ್ಮೆ ಆ ಕರಿಹಲಗೆಯ ಮುಂದೆ ನಿಂತಿದ್ದರು. ಮೈಸೂರಿನಲ್ಲಿ ಎಂ.ಎಸ್ಸಿ. ಮಾಡುವಾಗ ಹುಚ್ಚು ಹಿಡಿದಂತೆ ಓದಿದ್ದ ಸಂಖ್ಯಾ ಸಿದ್ಧಾಂತವನ್ನು ಬಯಸಿ ಕೇಳುವ ಕಿವಿಗಳು ಬದುಕಿನಲ್ಲಿ ಮೊದಲ ಸಲ ಎದುರಿಗೆ ಸಿಕ್ಕಿದ್ದವು. "ಆ ರೂಮು ನನ್ನ ಜೀವ" ಎಂದು ಅವರು ಬಾಯಿಬಿಟ್ಟು ಹೇಳುತ್ತಿದ್ದರು, ಮತ್ತು ಅದರಲ್ಲಿ ಅತಿಶಯೋಕ್ತಿ ಇರಲಿಲ್ಲ.

ಈ ನೆಮ್ಮದಿಗೆ ಕಲ್ಲು ಬಿದ್ದದ್ದು ಬಟ್ಟೆ ಒಗೆಯುವ ಕೋಣೆಯಲ್ಲಿ. ಆ ಊರಿನ ಬಾಡಿಗೆ ಕಟ್ಟಡಗಳಲ್ಲಿ ಇಡೀ ಕಟ್ಟಡಕ್ಕೊಂದು ಒಗೆಯುವ ಕೋಣೆ, ಪ್ರತಿ ಮನೆಗೂ ಸರದಿಯ ಹೊತ್ತು. ತಮ್ಮ ಸರದಿಗೆ ಇಳಿದು ಹೋದ ಶರ್ಫುನ್ನೀಸಾಗೆ ಹಿಂದಿನ ಸರದಿಯ ಹುಡುಗಿಯೊಬ್ಬಳು ತಿರುಗುತ್ತಿರುವ ಯಂತ್ರದ ಮೇಲೆ ಪುಸ್ತಕವಿಟ್ಟು ಹೋಂವರ್ಕ್ ಮಾಡುತ್ತಿರುವುದು ಕಂಡಿತು. ಪಕ್ಕದ ಶಾಲೆಯಲ್ಲಿ ಒಂಬತ್ತನೆಯ ತರಗತಿ, ಹೆಸರು ಸಹರ್. ತಾಯಿ ನಾಹಿದ್ ವೃದ್ಧಾಶ್ರಮದಲ್ಲಿ ಪಾಳಿಯ ಮೇಲೆ ದುಡಿಯುವುದರಿಂದ ಮನೆಯ ಬಟ್ಟೆ ಇವಳ ಪಾಲಿಗೆ. ಪುಸ್ತಕವನ್ನು ಕದ್ದು ನೋಡಿದರೆ, ಉತ್ತರ ಸರಿ, ಹೋದ ದಾರಿ ಮಾತ್ರ ಯಾವ ಪುಸ್ತಕದಲ್ಲೂ ಇಲ್ಲದ್ದು. ಟೀಚರಿಗೆ ರೋಮಾಂಚನವಾಯಿತು.

"ಮುಂದಿನ ವರ್ಷ ನಮ್ಮ ಸ್ಪೆಟ್ಸ್‌ಗೆ ಪರೀಕ್ಷೆ ಬರೀತೀಯಾ?" ಎಂದು ಕೇಳಿದರು.

ಹುಡುಗಿ ಪಿಳಿಪಿಳಿ ನೋಡಿದಳು. "ಅದು ರೈಲಲ್ಲಿ ಬರೋರಿಗೆ ಅಲ್ವಾ?"

ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ, ದೂರೂ ಇರಲಿಲ್ಲ. ಶಾಲೆಯ ಎದುರಿನ ಮನೆಯಲ್ಲೇ ಹುಟ್ಟಿ ಬೆಳೆದ ಮಗು, ಬೆಳಿಗ್ಗೆ ರೈಲಿನಿಂದಿಳಿದು ಬರುವ ಮಕ್ಕಳನ್ನು ಕಿಟಕಿಯಿಂದ ಕಂಡು, ಅದು ಬೇರೆ ಊರಿನವರ ಸ್ವತ್ತೆಂದು ಇಷ್ಟು ವರ್ಷ ನಂಬಿಕೊಂಡಿತ್ತು, ಅಷ್ಟೇ. ಶರ್ಫುನ್ನೀಸಾ ಮನೆಗೆ ಬಂದು ಒದ್ದೆ ಬಟ್ಟೆಯ ಬುಟ್ಟಿಯನ್ನು ನೆಲಕ್ಕೆ ಕುಕ್ಕಿ ಕನ್ನಡದಲ್ಲಿ ಶುರುಮಾಡಿದರು: "ಏನ್ರೀ, ನಾನಿಷ್ಟು ವರ್ಷ ಅಲ್ಲಿ ಕೂತ್ಕೊಂಡು ಮಾಡಿದ್ದೇನು? ನಮ್ಮ ಬೀದಿ ಮಗೂಗೇ ಗೊತ್ತಿಲ್ಲ!" ಸುಭಾನ್ ಸಾಹೇಬರು ಚಹಾಕ್ಕಿಟ್ಟರು.

ಚಳ್ಳಕೆರೆಯ ಟೀಚರಿಗೆ ಇಂಥ ರೋಗಕ್ಕೆ ಗೊತ್ತಿದ್ದ ಮದ್ದು ಒಂದೇ. ಎಸ್ಸೆಸ್ಸೆಲ್ಸಿ ಹತ್ತಿರ ಬಂತೆಂದರೆ ನಮ್ಮ ಸರ್ಕಾರಿ ಶಾಲೆಗಳಲ್ಲಿ ಮೇಷ್ಟ್ರುಗಳು ಏನು ಮಾಡುತ್ತಾರೋ ಅದನ್ನೇ ಅವರೂ ಮಾಡಿದರು: ಬೆಳಿಗ್ಗೆ ಸ್ಪೆಷಲ್ ಕ್ಲಾಸ್. ಪಕ್ಕದ ಶಾಲೆಗೆ ಹೋಗಿ, ಗಣಿತ ಇಷ್ಟವಿದ್ದವರು ಬನ್ನಿ ಎಂದು ಕೂಗಿ ಬಂದರು. ಅವರು ಕೂಗಿದ ಮೇಲೆ ಕೇಳಿಸಲಿಲ್ಲ ಎನ್ನುವ ನೆಪ ಯಾರಿಗೂ ಇರಲಿಲ್ಲ. ನವೆಂಬರಿನ ಕತ್ತಲ ಬೆಳಗುಗಳಲ್ಲಿ, ಟೋಪಿ ಕೈಗವಸುಗಳನ್ನು ಕಳಚುತ್ತ, ಸಹರ್ ಮತ್ತವಳ ಹಿಂದೆ ಒಂದು ಬೆಂಚು, ಆಮೇಲೆ ಎರಡು ಬೆಂಚು ಮಕ್ಕಳು ಮೇಲ್ಮಹಡಿ ಹತ್ತಿ ಬರತೊಡಗಿದರು. ಸುಭಾನ್ ಸಾಹೇಬರು ಡಬ್ಬಿಯಲ್ಲಿ ಬಿಸಿ ಉಪ್ಪಿಟ್ಟು ಕಟ್ಟಿಕೊಡುತ್ತಿದ್ದರು. ಹಸಿಮೆಣಸಿನಕಾಯಿ ಬಾಯಿಗೆ ಸಿಕ್ಕಿ ಕಣ್ಣಲ್ಲಿ ನೀರು ತುಂಬಿಕೊಂಡ ಮಕ್ಕಳಿಗೆ ಟೀಚರು ಕರುಣೆಯಿಲ್ಲದೆ ಅವಿಭಾಜ್ಯ ಸಂಖ್ಯೆಗಳ ಪಾಠ ಮಾಡುತ್ತಿದ್ದರು.

ಸುದ್ದಿ ಕನ್ನಡದವರ ಕಿವಿಗೆ ಬೀಳದಿರುತ್ತದೆಯೇ? ಸ್ಪೆಷಲ್ ಕ್ಲಾಸ್ ಎಂಬ ಎರಡು ಶಬ್ದ ಕಿವಿಗೆ ಬಿದ್ದರೆ ನಮ್ಮವರು ನಿದ್ದೆಗಣ್ಣಲ್ಲೂ ಮಕ್ಕಳ ಕೈ ಹಿಡಿದು ಹೊರಡುತ್ತಾರೆ. ಐಟಿಯವರಾದ ಪದ್ಮಿನಿ ತಮ್ಮ ಮಗಳು ಪಾವನಾಳನ್ನೂ ಸೇರಿಸಿಕೊಳ್ಳಿ ಎಂದು ಕೇಳಿದಾಗ ಟೀಚರು ಖಡಾಖಂಡಿತ ಒಲ್ಲೆ ಎಂದುಬಿಟ್ಟರು. "ನಿಮ್ಮ ಮಗಳಿಗೆ ಮನೇಲೇ ಇಬ್ರು ಇಂಜಿನಿಯರ್ ಇದೀರಾ ಪದ್ಮಿನಿ. ಈ ಮಕ್ಳಿಗೆ ಯಾರಿದಾರೆ?" ಪದ್ಮಿನಿ ಮುಖ ಸಪ್ಪೆ ಮಾಡಿಕೊಂಡು ಹೋದರು, ಆದರೆ ಆಸೆ ಬಿಟ್ಟವರಲ್ಲ.

ಚಳಿಗಾಲದಲ್ಲಿ ಶಾಲೆಯನ್ನು ಊರಿಗೆ ತೆರೆದಿಡುವ ಒಂದು ಸಂಜೆ ಇರುತ್ತದೆ, ತಂದೆತಾಯಂದಿರು ಬಂದು ನೋಡಿಕೊಂಡು ಹೋಗಲೆಂದು. ಅಂದು ಮುಖ್ಯೋಪಾಧ್ಯಾಯಿನಿ ಅನಿಕಾ, ಬಂದವರಿಗೆಲ್ಲ ಕಾಫಿ, ದಾಲ್ಚಿನ್ನಿಯ ಬನ್ನು ಹಂಚುತ್ತ ನಿಂತಿದ್ದಾಗ, ಪದ್ಮಿನಿ ನೇರವಾಗಿ ಅವರ ಬಳಿಗೇ ಹೋಗಿ ಇಂಗ್ಲಿಷಿನಲ್ಲಿ ವಿನಯದಿಂದ ಕೇಳಿದರು: ಬೆಳಗಿನ ಸ್ಪೆಷಲ್ ಕ್ಲಾಸಿಗೆ ನಮ್ಮ ಹುಡುಗಿಯನ್ನೂ ಸೇರಿಸಬಹುದೆ?

"ಯಾವ ಕ್ಲಾಸು?" ಎಂದರು ಅನಿಕಾ.

ಪಕ್ಕದಲ್ಲೇ ಇದ್ದ ಶರ್ಫುನ್ನೀಸಾ ಖುಷಿಯಿಂದ ಮುಂದೆ ಬಂದು ಎಲ್ಲವನ್ನೂ ವಿವರಿಸಿದರು. ಬೆಳಗಿನ ಚಳಿ, ಬರುವ ಮಕ್ಕಳು, ಪ್ರವೇಶ ಪರೀಕ್ಷೆಗೆ ನಡೆಯುತ್ತಿರುವ ತಯಾರಿ, ಒಂದನ್ನೂ ಬಿಡಲಿಲ್ಲ. ಅನಿಕಾ ಪೂರ್ತಿ ಕೇಳಿ, ನಾಳೆ ಮಾತಾಡೋಣ ಎಂದರು. ಟೀಚರಿಗೆ ರೆಕ್ಕೆ ಬಂತು. ಚಳ್ಳಕೆರೆಯ ಹೆಡ್‌ಮಾಸ್ತರು ಇದೇ ಕೆಲಸಕ್ಕೆ ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರ ಮುಂದೆ ಬೆನ್ನು ತಟ್ಟಿದವರು. "ದೊಡ್ಡ ರೂಮು ಕೊಡ್ತಾರೆ ಅನ್ಸುತ್ತೆ" ಎಂದು ಮನೆಗೆ ಬಂದು ಗಂಡನಿಗೆ ಹೇಳಿದರು.

ಮರುದಿನ ಅನಿಕಾ ಬಾಗಿಲು ಹಾಕಿ ಎದುರಿಗೆ ಕೂತರು.

"ಶರ್ಫು, ಪ್ರವೇಶ ಪರೀಕ್ಷೆಯ ಪ್ರಶ್ನೆ ತೆಗೆಯುವುದು ಯಾರು?"

"ನಾನು."

"ಈ ಮಕ್ಕಳಿಗೆ ಪಾಠ ಹೇಳುವುದು?"

"ನಾನೇ. ಅದಕ್ಕೇನು?"

ಹಾಗೆಂದ ಕ್ಷಣದಲ್ಲೇ ಶರ್ಫುನ್ನೀಸಾಗೆ ಹೊಳೆದದ್ದು. ನಮ್ಮಲ್ಲಿ ಪಾಠ ಹೇಳಿದ ಕೈಯೇ ಪ್ರಶ್ನೆಪತ್ರಿಕೆ ಬರೆಯುತ್ತದೆ, ಅದೇ ಕೈ ಮನೆಗೆ ಕರೆದು ತಿದ್ದುತ್ತದೆ, ಅದೇ ಕೈ ತಲೆ ನೇವರಿಸುತ್ತದೆ. ಈ ಕೈಗಳು ಬೇರೆ ಬೇರೆ ಇರಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ, ತಮಗೇ ತೋಚಿಯೂ ಇರಲಿಲ್ಲ.

"ಒಂದೇ ಒಂದು ಪ್ರಶ್ನೆಯನ್ನೂ ನಾನು ಅವರಿಗೆ ಹೇಳಿಲ್ಲ, ಅನಿಕಾ."

"ಗೊತ್ತು. ನಾನು ನಂಬುತ್ತೇನೆ. ಆದರೆ ರೈಲು ಹತ್ತಿ ಬಂದು ಪರೀಕ್ಷೆ ಬರೆಯುವ ಮಗುವಿನ ತಾಯಿಗೆ ನನ್ನ ನಂಬಿಕೆಯನ್ನು ಹೇಗೆ ಕೊಡಲಿ?"

ಅನಿಕಾ ಕೆಟ್ಟವರಲ್ಲ, ಹೇಳಿದ್ದೂ ತಪ್ಪಲ್ಲ. ಸಿಟ್ಟು ಮಾಡಿಕೊಳ್ಳಲು ಎದುರಿಗೊಬ್ಬ ದುಷ್ಟನೂ ಇಲ್ಲದ ಸಂಕಟ ಎಂಥದೆಂದು ಟೀಚರಿಗೆ ಅಂದು ತಿಳಿಯಿತು. ಶುಕ್ರವಾರದೊಳಗೆ ತೀರ್ಮಾನವಾಗಬೇಕಿತ್ತು. ಸ್ಪೆಷಲ್ ಕ್ಲಾಸು ನಿಲ್ಲಿಸಿದರೆ ಸ್ಪೆಟ್ಸ್ ಅವರದೇ. ಈ ವರ್ಷದ ಪ್ರಶ್ನೆಪತ್ರಿಕೆಯನ್ನು ಬೇರೆಯವರು ಹೊಸದಾಗಿ ತೆಗೆಯುತ್ತಾರೆ. ಸ್ಪೆಷಲ್ ಕ್ಲಾಸು ಮುಂದುವರಿಸುವುದಾದರೆ ಪ್ರವೇಶ ಪರೀಕ್ಷೆ, ಮುಖ್ಯಸ್ಥೆಯ ಸ್ಥಾನ, ಮೇಲ್ಮಹಡಿಯ ಪಾಠ, ಎಲ್ಲವನ್ನೂ ಬಿಟ್ಟು ಕೆಳಗೆ ಇಳಿಯಬೇಕು, ತಯಾರಿ ಮಾಡಿಸುವ ಕೈಗೆ ಮಕ್ಕಳನ್ನು ಆರಿಸಿಕೊಳ್ಳುವ ಮಹಡಿಯ ನಂಟೇ ಇರಕೂಡದು.

ಮನೆಯಲ್ಲಿ ಆ ವಾರವೆಲ್ಲ ಕನ್ನಡವೇ ನಡೆಯಿತು.

"ಒಂದ್ ಕಣ್ ಇಟ್ಕೋ, ಒಂದ್ ಕಣ್ ಕಿತ್ಕೊಡು ಅಂದ ಹಾಗಾಯ್ತಲ್ರೀ ಇದು!"

ಸುಭಾನ್ ಸಾಹೇಬರು ಮೆಲ್ಲಗೆ ಹೇಳಿದರು: "ನೋಡು ಶರ್ಫೂ, ಲೈಬ್ರರೀಲಿ ಹೋಂವರ್ಕ್ ಹೇಳ್ಕೊಡೋರು ಇದಾರೆ. ಆ ಮಕ್ಳು ಅಲ್ಲಿಗೆ ಹೋಗ್ಲಿ. ಇಷ್ಟು ವರ್ಷ ಒದ್ದಾಡಿ ಸಿಕ್ಕಿರೋದನ್ನ ಯಾಕೆ ಕಳ್ಕೋತೀಯಾ?"

"ಅಲ್ಲಿ ಕೇಳಿದ್ದಕ್ಕೆ ಉತ್ತರ ಹೇಳ್ತಾರೆ. ಈ ಮಕ್ಳಿಗೆ ಏನ್ ಕೇಳ್ಬೇಕು ಅಂತಾನೇ ಗೊತ್ತಿಲ್ವಲ್ರೀ."

ಹೀಗೆಂದವರು ಗುರುವಾರ ಬೆಳಿಗ್ಗೆ ಹೊರಟದ್ದು ಮಾತ್ರ ಸ್ಪೆಷಲ್ ಕ್ಲಾಸು ಇವತ್ತಿಗೆ ಮುಗಿಯಿತೆಂದು ಮಕ್ಕಳಿಗೆ ಹೇಳಲಿಕ್ಕೇ. ಮನಸ್ಸು ಮೇಲ್ಮಹಡಿಯ ಕಡೆಗೇ ವಾಲಿತ್ತು. ವಾಲದಿರಲು ಅವರೇನು ದೇವತೆಯೆ? ಹೇಳುವ ಮುನ್ನ ಕೊನೆಯದೆಂದು ಒಂದು ಲೆಕ್ಕ ಬರೆದರು. ಎರಡು ವರ್ಗಸಂಖ್ಯೆಗಳ ಮೊತ್ತವಾಗಿ ಯಾವ ಅವಿಭಾಜ್ಯಗಳು ಬರುತ್ತವೆ ಎಂದು ಮಕ್ಕಳು ಒಂದೊಂದಾಗಿ ಹುಡುಕುತ್ತಿದ್ದರು. ಸಹರ್ ಉಪ್ಪಿಟ್ಟು ತಿನ್ನುವುದನ್ನು ನಿಲ್ಲಿಸಿ ಹಲಗೆಯನ್ನೇ ನೋಡುತ್ತ ಕೂತಿದ್ದಳು.

"ಶರ್ಫು, ಇವು ಬರುತ್ತವೆ, ಸರಿ. ಉಳಿದವು ಯಾಕೆ ಬರೋದಿಲ್ಲ? ನಾವು ಹುಡುಕಿದ್ದು ಸಾಲದ್ದಕ್ಕೋ, ಬರೋಕೇ ಆಗೋದಿಲ್ವೋ? ಬರೋಕೇ ಆಗೋದಿಲ್ಲ ಅಂತ ಹೇಗೆ ಗೊತ್ತಾಗುತ್ತೆ?"

ಉಳಿದ ಮಕ್ಕಳೂ ತಲೆಯೆತ್ತಿದರು. ಇನ್ನೊಬ್ಬ, ಅದು ಹೇಗೆ ಗೊತ್ತಾಗಲು ಸಾಧ್ಯ, ಸಂಖ್ಯೆಗಳು ಮುಗಿಯುವುದೇ ಇಲ್ಲವಲ್ಲ ಎಂದು ಎದ್ದು ನಿಂತ. ಎರಡು ಬೆಂಚುಗಳ ನಡುವೆ ಜಗಳವೇ ಹತ್ತಿಕೊಂಡಿತು. ಬಾಗಿಲ ಬಳಿ ಶರ್ಫುನ್ನೀಸಾ ಕೋಟಿನ ಗುಂಡಿ ಹಿಡಿದುಕೊಂಡು ನಿಂತೇ ಇದ್ದರು. ಕೇಳಬೇಕಾದ್ದನ್ನು ಮಕ್ಕಳು ಕೇಳಿಬಿಟ್ಟಿದ್ದರು. ಇನ್ನು ಇವರನ್ನು ಬಿಟ್ಟು ಹೋಗುವುದು ಅವರಿಂದಾಗುವ ಕೆಲಸವಾಗಿರಲಿಲ್ಲ. ಹೇಳಬೇಕೆಂದು ತಂದಿದ್ದ ಮಾತನ್ನು ನುಂಗಿಕೊಂಡು ಹಲಗೆ ಒರೆಸಿದರು.

ಶುಕ್ರವಾರ ಅನಿಕಾಗೆ ಕೋಣೆಯ ಬೀಗದಕೈ ಕೊಟ್ಟು ಕೆಳಗಿಳಿದರು. ಮೇಲ್ಮಹಡಿಗೆ ಉಪ್ಸಾಲಾದಲ್ಲಿ ಡಾಕ್ಟರೇಟು ಮುಗಿಸಿದ ಮೃದುಮಾತಿನ ತರುಣನೊಬ್ಬ ಬಂದ. ಟೀಚರಿಗೆ ಸಿಕ್ಕಿದ್ದು ಒಂಬತ್ತರಲ್ಲಿ ಗಣಿತ ಫೇಲಾಗಿ ಅಲ್ಲೇ ಸಿಕ್ಕಿಹಾಕಿಕೊಂಡ ಮಕ್ಕಳ ತರಗತಿ, ಭಿನ್ನರಾಶಿ, ಶೇಕಡಾ ಲೆಕ್ಕ. ಸ್ಪೆಷಲ್ ಕ್ಲಾಸನ್ನೂ ಕೆಳಗಿನ ಕೋಣೆಗೇ ತಂದರು. ವಿಷಯ ತಿಳಿದ ಪದ್ಮಿನಿ ಅಳುತ್ತ ಓಡಿ ಬಂದಾಗ, "ಅಳೋದೆಲ್ಲ ಬೇಡ, ನೀವು ಕೇಳಿದ್ದು ತಪ್ಪಲ್ಲ. ಈಗ ನಾನು ಯಾರ ಪರೀಕ್ಷೇನೂ ಮುಟ್ಟೋ ಹಾಗಿಲ್ಲ, ಪಾವನಾನ್ನೂ ಕಳಿಸಿ. ಆದ್ರೆ ವಾರಕ್ಕೊಂದಿನ ಆಫೀಸಿಗೆ ಮುಂಚೆ ನೀವೂ ಬಂದು ಈ ಮಕ್ಳ ಜೊತೆ ಕೂರ್ಬೇಕು" ಎಂದರು. ಪದ್ಮಿನಿ ಒಂದು ವಾರವೂ ತಪ್ಪಿಸಲಿಲ್ಲ.

ಮಾರ್ಚಿನಲ್ಲಿ ಪರೀಕ್ಷೆಯಾಯಿತು. ಬೆಳಗಿನ ಗುಂಪಿನಲ್ಲಿ ಹೆಚ್ಚಿನವರಿಗೆ ಸಿಗಲಿಲ್ಲ, ಪಾವನಾಗೂ ಸಿಗಲಿಲ್ಲ. ಸಹರ್‌ಗೆ, ಅವಳ ಗೆಳತಿಯೊಬ್ಬಳಿಗೆ ಸಿಕ್ಕಿತು. ಸಿಗದವರು ಬಿಕ್ಕುತ್ತ ಬಂದಾಗ ಟೀಚರು ಗದರಿಸಿ ಕೂರಿಸಿದರು: "ಮೇಲಿನ ಮಹಡಿ ಸಿಗದಿದ್ರೆ ಗಣಿತ ಸತ್ತುಹೋಯ್ತಾ? ಕೆಳಗೆ ನಾನಿದೀನಿ, ಬನ್ನಿ." ಆಗಸ್ಟಿನಲ್ಲಿ ಸಹರ್ ಮೆಟ್ಟಿಲು ಹತ್ತಿ ಹೋದಳು, ರೈಲಿನಿಂದಿಳಿದು ಬಂದವರ ಜೊತೆಗೇ ಮಾತಾಡುತ್ತ. ಶರ್ಫುನ್ನೀಸಾ ಅದನ್ನು ಕಾರಿಡಾರಿನಲ್ಲಿ ನಿಂತು ನೋಡಿದರು. ಎದೆ ತುಂಬಿ ಬಂತು. ಅದರ ಬೆನ್ನಿಗೇ, ಅವಳಿಗೆ ಸಂಖ್ಯಾ ಸಿದ್ಧಾಂತ ಕಲಿಸುವ ಸುಖ ಇನ್ನೊಬ್ಬರ ಪಾಲಾಯಿತಲ್ಲ ಎಂಬ ಹೊಟ್ಟೆಕಿಚ್ಚೂ ಬಂತು. ಎರಡನ್ನೂ ಅವರು ನಮ್ಮೆಲ್ಲರ ಮುಂದೆ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ.

ಇಷ್ಟಕ್ಕೆ ಮುಗಿದಿದ್ದರೆ, ಪಾಪ, ಕಾಯಿದೆಗೆ ಸಿಕ್ಕಿಬಿದ್ದರು ಎಂದು ಮರುಗಿ ಸುಮ್ಮನಾಗಬಹುದಿತ್ತು. ಮರುವರ್ಷ ಉಪ್ಸಾಲಾದ ತರುಣ ವಿಶ್ವವಿದ್ಯಾಲಯಕ್ಕೇ ಹಿಂತಿರುಗಿದ. ಅನಿಕಾ ತಾವಾಗಿ ಕೆಳಗಿನ ಕೋಣೆಗೆ ಇಳಿದು ಬಂದು ಚಿಕ್ಕ ಬೆಂಚಿನ ಮೇಲೆ ಕೂತರು.

"ಮೇಲೆ ಬಾ ಶರ್ಫು. ಬೆಳಗಿನ ಕ್ಲಾಸನ್ನು ಬೇರೆಯವರಿಗೆ ಒಪ್ಪಿಸಿಬಿಡು, ಪದ್ಮಿನಿಯೂ ಇದ್ದಾಳಲ್ಲ. ಸ್ಪೆಟ್ಸ್ ಕಟ್ಟಿದವಳು ನೀನು. ಮಕ್ಕಳೂ ಕೇಳುತ್ತಿದ್ದಾರೆ."

ಈ ಸಲ ಅವಸರವಿರಲಿಲ್ಲ, ಗಡುವಿರಲಿಲ್ಲ, ಯಾವ ತಪ್ಪಿಗೂ ತಲೆಬಾಗಬೇಕಾಗಿರಲಿಲ್ಲ. ಹೂಂ ಎಂದರೆ ಸಾಕಾಗಿತ್ತು. ಅಂದು ಬೆಳಿಗ್ಗೆ ಬಂದ ಹೊಸ ಮಕ್ಕಳು ಬೆಂಚಿನ ಮೇಲೆ ಚೆಲ್ಲಿ ಹೋಗಿದ್ದ ಉಪ್ಪಿಟ್ಟಿನ ಕಾಳುಗಳನ್ನು ಶರ್ಫುನ್ನೀಸಾ ಬೆರಳಿನಿಂದ ಒತ್ತಟ್ಟಿಗೆ ಮಾಡುತ್ತ ಕೂತಿದ್ದರು.

"ಬೇಡ ಅನಿಕಾ" ಎಂದರು ಕಡೆಗೆ. "ಇನ್ನೊಂದು ಸಲ ಕೇಳಬೇಡ. ಇನ್ನೊಂದು ಸಲ ಕೇಳಿದರೆ ಹೂಂ ಅಂದುಬಿಡ್ತೀನಿ."

ಅನಿಕಾ ಮತ್ತೆ ಕೇಳಲಿಲ್ಲ.

ಇಂಥವರನ್ನು ತ್ಯಾಗಮಯಿ ಎಂದು ಕರೆದು ಶಾಲು ಹೊದಿಸಿ ಕೈತೊಳೆದುಕೊಳ್ಳುವುದು ನಮ್ಮ ಚಾಳಿ. ಹಟಮಾರಿಗಳೆಂದು ಮೂಗು ಮುರಿಯುವುದು ಅದಕ್ಕಿಂತ ಸುಲಭ. ಎರಡೂ ಅವರನ್ನು ಹತ್ತಿರದಿಂದ ಕಾಣದವರ ಮಾತು. ಹಟ ಹಿಡಿದು ಕಲಿಸುವವರ ಎದೆ ಕಲ್ಲಾಗಿರುತ್ತದೆ ಎಂದುಕೊಂಡಿದ್ದೇವೆ, ಹಾಗಿದ್ದರೆ ಅವರಿಗೆ ಎಷ್ಟೋ ಸಲೀಸಾಗುತ್ತಿತ್ತು. ಬಿಟ್ಟುಕೊಟ್ಟದ್ದನ್ನು ಅವರು ದಿನಾ ಬಯಸುತ್ತಾರೆ, ದಿನಾ ಇನ್ನೊಂದು ಸಲ ಬಿಡುತ್ತಾರೆ, ಬಿಟ್ಟ ಮೇಲೆ ಸ್ಕಾರ್ಫು ಸರಿಮಾಡಿಕೊಂಡು ಪಾಠಕ್ಕೆ ಹೋಗುತ್ತಾರೆ. ಎದುರಿಗೆ ಕೂತ ಮಕ್ಕಳಿಗೆ ಇದಾವುದೂ ಗೊತ್ತಾಗುವುದಿಲ್ಲ. ಗೊತ್ತಾಗದ ಹಾಗೆ ನೋಡಿಕೊಳ್ಳುವುದೂ ಅವರ ಕೆಲಸದಲ್ಲೇ ಸೇರಿದೆ.